ತಂಪಿಗೆ ಒಗ್ಗದವರ ಬಾಗಿಲಲ್ಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಕಿರುಕೋಣೆಯ ಮುಂದೆ ನಿಂತು ಬಾಗಿಲಕ್ಕ ಚಿಲಕ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಆಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಒಳಗಿನ ಚಿಲಕವನ್ನೂ ಹಾಗೆಯೇ ನೋಡುತ್ತಾರೆ. ಹೊರಗೆ ಬಂದವರ ಕೈಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಚೂರು.

"ಬೇರೆ ಏನು ಕೆಟ್ರೂ ಸುಧಾರಿಸ್ಕೊಬಹುದು. ಚಿಲಕ ಕೆಟ್ರೆ ಆ ದಿನದ ಕೆಲಸವೇ ಕೆಟ್ಟ ಹಾಗೆ. ಯಾರು ಬಾಗಿಲು ತಳ್ತಾರೋ ಅಂತ ಕಿವಿ ಇಲ್ಲೇ ಇದ್ರೆ ಒಳಗಿರೋನಿಗೆ ಏನಾಗತ್ತೆ ಹೇಳಿ?"

ಕೋಣೆಯಲ್ಲಿ ಒಂದು ಒರಗು ಕುರ್ಚಿ, ಕೈ ತೊಳೆಯುವ ತೊಟ್ಟಿ, ಗೋಡೆಗೆ ಸಣ್ಣ ಕಪಾಟು. ಕಿಟಕಿಗೆ ದಪ್ಪ ಪರದೆ. ಬಾಗಿಲಕ್ಕ ಕುರ್ಚಿಯನ್ನು ಒರೆಸಿ ಹೊಸ ಕಾಗದದ ಹಾಸು ಹಾಸುತ್ತಾರೆ. ಮಗುವಿನ ಹಾಸಿಗೆ ಸರಿಮಾಡುವ ಹಾಗೆ ನಾಲ್ಕೂ ಮೂಲೆ ಎಳೆದು ಸುಕ್ಕು ಬಿಡಿಸುತ್ತಾರೆ. ಸೋಪು, ಟವೆಲು, ಮುಚ್ಚಳವಿರುವ ಪ್ಲಾಸ್ಟಿಕ್ ಕಪ್ಪು ಎಲ್ಲ ಇದ್ದಲ್ಲೇ ಇವೆ. ಫ್ಯಾನು ಹಾಕುತ್ತಾರೆ. ಅದು ಹಳೆಯದು, ಗರಗರ ಸದ್ದು. ಬದಲಾಯಿಸಿಕೊಡುತ್ತೇವೆಂದು ಎಲೆಕ್ಟ್ರಿಷಿಯನ್ ಬಂದರೆ ಇವರೇ ಬೇಡವೆನ್ನುತ್ತಾರೆ. ಆ ಗರಗರದಲ್ಲಿ ಹೊರಗಿನ ಮಾತು ಒಳಗೆ ಕೇಳುವುದಿಲ್ಲ, ಒಳಗಿನದು ಹೊರಗೆ ಕೇಳುವುದಿಲ್ಲ.

ಇದು ವೀರ್ಯ ಬ್ಯಾಂಕು. ಬೋರ್ಡಿನ ಮೇಲೆ ಬರೆದಿರುವುದು "ಪ್ರಯೋಗಾಲಯ" ಎಂದು ಮಾತ್ರ. ಕೆಳಗಿನ ಮಹಡಿಯಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ, ಮೇಲಿನದರಲ್ಲಿ ದಾನಿಗಳ ಕೆಲಸ. ದಾನಕ್ಕೆ ಬರುವ ಗಂಡಸರನ್ನು ಮೊದಲು ಮಾತಾಡಿಸುವುದು, ಏನೇನು ನಡೆಯುತ್ತದೆ ಎಂದು ಹೇಳುವುದು, ಕೋಣೆ ತೋರಿಸುವುದು, ಕಪ್ಪನ್ನು ಬಿಸಿ ಆರುವ ಮೊದಲು ಲ್ಯಾಬಿಗೆ ಮುಟ್ಟಿಸುವುದು, ಕೊನೆಗೆ ಫಲಿತಾಂಶ ತಿಳಿಸುವುದು ಬಾಗಿಲಕ್ಕನ ಕೆಲಸ. ಹೆಸರಿಟ್ಟವರು ದಾನಿಗಳೇ. ಬಾಗಿಲ ಬಳಿ ಸಿಗುವ ಅಕ್ಕ, ಬಾಗಿಲಕ್ಕ.

ಮೊದಲು ಅವರು ಕೆಳಗಿನ ಮಹಡಿಯಲ್ಲಿ ನೆಲ ಒರೆಸುತ್ತಿದ್ದವರು. ಆಗ ಬಾಗಿಲ ಬಳಿಯ ಕುರ್ಚಿಯಲ್ಲಿ ಒಬ್ಬ ಅಟೆಂಡರ್ ಇದ್ದ. ಬಂದವರನ್ನು ನೋಡಿ ಮೀಸೆಯಡಿ ನಗುತ್ತಿದ್ದ. ಕೋಣೆಯಿಂದ ಹೊರಬಂದವರಿಗೆ "ಏನ್ ಗುರು, ಇಷ್ಟು ಬೇಗ?" ಎನ್ನುತ್ತಿದ್ದ. ಒಮ್ಮೆ ಬಂದವರು ಮತ್ತೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಡಾಕ್ಟರಮ್ಮ ಅವನನ್ನು ತೆಗೆದು, "ನಿಮ್ಮ ಮುಖ ನೋಡಿದ್ರೆ ಯಾರೂ ಹೆದರಲ್ಲ" ಎಂದು ಇವರನ್ನು ತಂದು ಕೂರಿಸಿದರು. ಶುರುವಿನಲ್ಲಿ ಬಾಗಿಲಕ್ಕನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರು, ಕಟಿಂಗ್ ಶಾಪಿನವರು, ಕತ್ತರಿ ಒರೆಸುತ್ತಾ "ನಾನೂ ದಿನಾ ಗಂಡಸರ ತಲೆ ಹಿಡ್ಕೊಂಡೇ ಬದುಕ್ತಿರೋದು. ನಾಚಿಕೆ ಪಟ್ರೆ ಆಗತ್ತಾ?" ಎಂದರಂತೆ. ಅತ್ತೆಗೆ ಮಾತ್ರ ಇವತ್ತಿಗೂ ಹೇಳಿಲ್ಲ. ಅತ್ತೆ ಅಕ್ಕಪಕ್ಕದವರ ಮುಂದೆ "ನಮ್ಮ ಸೊಸೆ ಆಸ್ಪತ್ರೆ ಫ್ರಿಜ್ ನೋಡ್ಕೋತಾಳೆ" ಎಂದು ಹೇಳಿಕೊಂಡು ತಿರುಗುತ್ತಾರೆ.

ಇವತ್ತಿನ ಮೊದಲ ದಾನಿ ಗೋಡೆಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಕೂತಿದೆ. ಬೆಂಚಿನ ತುದಿಯಲ್ಲಿ, ಈಗಲೋ ಆಗಲೋ ಎದ್ದು ಓಡುವವನ ಹಾಗೆ ಕುಳಿತಿದ್ದಾನೆ.

"ಸೂಜಿ ಚುಚ್ತಾರಾ ಅಕ್ಕ?"

"ರಕ್ತಕ್ಕೆ ಚುಚ್ತಾರೆ. ಅಂಟುರೋಗ ಏನಾದ್ರೂ ಇದೆಯಾ ಅಂತ ನೋಡೋಕೆ. ಆಮೇಲೆ ನಿಮ್ಮ ಮನೇಲಿ ಯಾರಿಗೆ ಯಾವ ಕಾಯಿಲೆ ಇತ್ತು ಅಂತ ಡಾಕ್ಟ್ರು ಕೇಳ್ತಾರೆ. ಮುಚ್ಚಿಡಬೇಡಿ. ಹೆಂಡ್ತಿ ಜೊತೆ, ಒಬ್ರೇ, ಹೇಗೂ... ಮೂರ್ನಾಲ್ಕು ದಿನದಿಂದ ಏನೂ ಇಲ್ಲ ತಾನೆ?"

ಬಣ್ಣದವನು ನೆಲ ನೋಡುತ್ತಾ ಇಲ್ಲವೆಂದು ತಲೆಯಾಡಿಸುತ್ತಾನೆ. ಆಮೇಲೆ ಮೆಲ್ಲಗೆ, "ಕಪ್ಪು ತುಂಬ್ಬೇಕಾ?"

"ಅದೇನು ಹಾಲಿನ ಲೋಟಾನಾ? ತಳ ಒದ್ದೆಯಾದ್ರೆ ಸಾಕಪ್ಪ. ಏನಾದ್ರೂ ಹೊರಗೆ ಚೆಲ್ಲಿದ್ರೆ ಬಂದು ಹೇಳಿ, ನಾಚ್ಕೋಬೇಡಿ. ಆಗಲಿಲ್ಲ ಅಂದ್ರೂ ಬಂದು ಹೇಳಿ. ಸುಮಾರು ಜನಕ್ಕೆ ಮೊದಲ ದಿನ ಆಗಲ್ಲ. ಇನ್ನೊಂದಿನ ಬನ್ನಿ."

ಮುಂದಿನದನ್ನೂ ಬಿಡಿಸಿ ಹೇಳುತ್ತಾರೆ. ಕೊಟ್ಟದ್ದನ್ನು ನೋಡಿ, ಸ್ವಲ್ಪವನ್ನು ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ, ಎಷ್ಟು ಜೀವ ಉಳಿದಿದೆ ಎಂದು ನೋಡುತ್ತಾರೆ. ಹತ್ತು ಜನ ಬಂದರೆ ಒಬ್ಬರೋ ಇಬ್ಬರೋ ಈ ಪರೀಕ್ಷೆ ದಾಟುತ್ತಾರೆ. ದಾಟಿದವರು ಪದೇಪದೇ ಬರಬೇಕು. ಕೊಟ್ಟದ್ದು ಆರು ತಿಂಗಳು ತಂಪಿಗೆ ಹೊಗೆಯಾಡುವ ಡಬ್ಬಿಯಲ್ಲಿ ಕಾಯಬೇಕು. ಆಮೇಲೆ ದಾನಿ ಬಂದು ಮತ್ತೆ ರಕ್ತ ಕೊಟ್ಟು ಅದು ಚೆನ್ನಾಗಿದ್ದರೆ ಮಾತ್ರ ಬಳಕೆ. ಬಾರದಿದ್ದರೆ ಎಲ್ಲ ಚೆಲ್ಲಬೇಕು.

"ಹುಟ್ಟೋ ಮಗು ಮುಂದೆ ನನ್ನ ಹುಡುಕ್ಕೊಂಡು ಬರತ್ತಾ?" ಬಣ್ಣದವನ ಕೊನೆಯ ಪ್ರಶ್ನೆ. ಎಲ್ಲರ ಕೊನೆಯ ಪ್ರಶ್ನೆಯೂ ಇದೇ ಎನ್ನುತ್ತಾರೆ ಬಾಗಿಲಕ್ಕ.

"ಅದು ನಿಮಗೆ ಗೊತ್ತಾಗಲ್ಲ, ನೀವು ಅದಕ್ಕೆ ಗೊತ್ತಾಗಲ್ಲ. ರಸ್ತೇಲಿ ಎದುರು ಬಂದ್ರೂ ಪಕ್ಕಕ್ಕೆ ಸರಿದು ಹೋಗ್ತೀರ. ಅದನ್ನ ತಡ್ಕೊಳೋಕೆ ಆಗಲ್ಲ ಅನ್ಸಿದ್ರೆ ಈಗ್ಲೇ ಎದ್ದು ಹೋಗಿ. ನನಗೇನೂ ಬೇಜಾರಿಲ್ಲ."

ಅವನು ಏಳುವುದಿಲ್ಲ. ಕೋಣೆಯೊಳಗೆ ಹೋಗಿ ಚಿಲಕ ಹಾಕುತ್ತಾನೆ. ಬಾಗಿಲಕ್ಕ ಚಪ್ಪಲಿಯನ್ನು ಬೇಕೆಂದೇ ನೆಲಕ್ಕೆ ಉಜ್ಜುತ್ತಾ, ಪರಪರ ಸದ್ದು ಮಾಡುತ್ತಾ ಕಾರಿಡಾರಿನ ತುದಿಗೆ ನಡೆಯುತ್ತಾರೆ. ಬಾಗಿಲ ಹೊರಗೆ ಯಾರೂ ನಿಂತಿಲ್ಲ ಎಂದು ಒಳಗಿರುವವನಿಗೆ ತಿಳಿಯಬೇಕು. ಮನೆಯಲ್ಲೂ ಈ ಅಭ್ಯಾಸ ಬಿಟ್ಟಿಲ್ಲ. "ಅಮ್ಮ, ಕಾಲೆತ್ತಿ ನಡಿಯಮ್ಮ" ಎಂದು ಮಗಳು ರೇಗುತ್ತಾಳೆ.

ಇಷ್ಟು ನಾಜೂಕಾಗಿ ಬರಮಾಡಿಕೊಂಡವರನ್ನು ಬೇಡವೆಂದು ಕಳಿಸುವುದು ಹೇಗೆ? ಅದಕ್ಕೂ ಇಲ್ಲಿ ಒಂದು ರೂಢಿಯಿದೆ. ಬಹಳ ಹಿಂದೆ ಒಬ್ಬನಿಗೆ ಲ್ಯಾಬಿನವರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು: ನಿಮ್ಮದರಲ್ಲಿ ವೀರ್ಯಾಣುವೇ ಇಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಕೂತವನು ಸಂಜೆಯಾದರೂ ಏಳಲಿಲ್ಲ. ದಾನಕ್ಕೆಂದು ಬಂದವನು ರೋಗಿಯಲ್ಲ, ಹುಳುಕು ತೋರಿಸಿ ಎಂದು ಅವನು ಕೇಳಿರಲಿಲ್ಲ ಎಂದು ಆಗಿನ ಹಿರಿಯ ಡಾಕ್ಟರು ನೊಂದುಕೊಂಡರು. ಅಂದಿನಿಂದ ದಾಟದ ಎಲ್ಲರಿಗೂ ಒಂದೇ ಮಾತು. "ನಿಮ್ಮದು ನಮ್ಮ ತಂಪಿಗೆ ಒಗ್ಗಲ್ಲ." ಬಹಳ ಮಂದಿಯ ವಿಷಯದಲ್ಲಿ ಅದು ನಿಜವೇ. ಆರೋಗ್ಯವಾಗಿಯೇ ಇರುತ್ತದೆ, ಹೆಪ್ಪುಗಟ್ಟಿ ಕರಗುವಾಗ ಸಾಯುತ್ತದೆ. ಆದರೆ ಏನೂ ಇಲ್ಲದವರಿಗೂ ಇದೇ ಮಾತು. ಲ್ಯಾಬಿನವರು ಬಾಗಿಲಕ್ಕನಿಗೆ "ಇವರದು ಕರಗೋವಾಗ ಹೋಯ್ತು" ಎಂದೋ "ಇವರದು ಖಾಲಿ" ಎಂದೋ ಹೇಳುತ್ತಾರೆ. ಬಾಗಿಲಕ್ಕ ಹೊರಗೆ ಬಂದು ಇಬ್ಬರಿಗೂ ಅದೇ ಮುಖದಲ್ಲಿ ಅದನ್ನೇ ಹೇಳುತ್ತಾರೆ.

"ಒಳ್ಳೇ ಮಾತು ಅಂತಾನೇ ಅಂದ್ಕೊಂಡಿದ್ದೆ. ನಗ್ತಾ ಇಳಿದು ಹೋಗ್ತಿದ್ರು. ಹೋಗ್ಲಿ ಬಿಡಕ್ಕ, ನಮ್ಮದು ಬಿಸಿ ರಕ್ತ ಅಂತ ಜೋಕ್ ಮಾಡೋರು."

ಆ ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಬಾಗಿಲಕ್ಕನಿಗೆ ತಿಳಿದದ್ದು ಕಳೆದ ವರ್ಷ. ಕೆಳಗಿನ ಮಹಡಿಗೆ ಚಿಕಿತ್ಸೆಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಜನ ಹೆಚ್ಚಿದ್ದಾಗ ಮೇಲಿನ ಬೆಂಚಿಗೆ ಬಂದು ಕೂರುತ್ತಿದ್ದಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವವಳು. ಕೆಳಗೆ ತುಂಬು ಬಸುರಿಯರನ್ನು ನೋಡುತ್ತಾ ಕೂರಲಾರೆ ಎನ್ನುತ್ತಿದ್ದಳು. ಜೊತೆಗೆ ಬರುತ್ತಿದ್ದ ಅತ್ತೆಗೆ ಮಂಡಿ ನೋವು, ಮೇಲೆ ಹತ್ತುತ್ತಿರಲಿಲ್ಲ. ಆ ಕಾರಣಕ್ಕೂ ಮೇಲಿನ ಬೆಂಚು ಅವಳಿಗೆ ಹಿಡಿಸಿತ್ತು. ಬಾಗಿಲಕ್ಕ ತಮ್ಮ ಫ್ಲಾಸ್ಕಿನ ಟೀಯಲ್ಲಿ ಅವಳಿಗೂ ಅರ್ಧ ಲೋಟ ಕೊಡುತ್ತಿದ್ದರು.

ಮದುವೆಯಾಗಿ ಆರು ವರ್ಷ. ಬೇರೆ ಬೇರೆ ಡಾಕ್ಟರುಗಳ ಹತ್ತಿರ ಹೋಗಿ ಬಂದಿದ್ದಾಳೆ. ಗರ್ಭನಾಳಕ್ಕೆ ಗಾಳಿ ಊದಿ ನೋಡಿದ್ದಾರೆ, ಹೊಟ್ಟೆಯಲ್ಲಿ ತೂತು ಮಾಡಿ ಕ್ಯಾಮೆರಾ ಬಿಟ್ಟಿದ್ದಾರೆ, ಇಂಜೆಕ್ಷನ್ನಿನಿಂದ ಮೈ ಊದಿ ಕೂದಲು ಹಿಡಿಹಿಡಿಯಾಗಿ ಉದುರಿದೆ. ಎಲ್ಲೂ ದೋಷ ಸಿಕ್ಕಿಲ್ಲ. ಸಿಗದೇ ಇದ್ದದ್ದೇ ಇವಳ ದೊಡ್ಡ ದೋಷ ಎಂಬ ಹಾಗೆ ಅತ್ತೆ ಮಗನಿಗೆ ಬೇರೆ ಹೆಣ್ಣು ನೋಡಲು ಶುರು ಮಾಡಿದ್ದರು. ಇಲ್ಲಿಯ ಡಾಕ್ಟರಮ್ಮ ಮಾತ್ರ ಗಂಡನ ಪರೀಕ್ಷೆಯಾಗದೆ ಮುಂದಿನ ಚಿಕಿತ್ಸೆಯಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ಮಾಡಿಸೋಕೆ ಏನಂತೆ ನಿಮ್ಮೆಜಮಾನ್ರಿಗೆ?" ಬಾಗಿಲಕ್ಕ ಒಂದು ಬೆಳಿಗ್ಗೆ ಕೇಳಿದರು.

"ಅವರದು ಮದುವೆಗೆ ಮುಂಚೇನೇ ದೊಡ್ಡ ಆಸ್ಪತ್ರೇಲಿ ನೋಡ್ಸಾಗಿದೆಯಂತೆ ಅಕ್ಕ. ಎಲ್ಲಾ ಸರಿ ಇದೆಯಂತೆ." ಅವಳು ಟೀ ಊದುತ್ತಾ ನಕ್ಕಳು. "ಅತ್ತೆ ಮುಂದೇನೂ ಹೇಳ್ಕೋತಾರೆ. ನಂದು ಯಾವ ತಂಪಿಗೂ ಒಗ್ಗಲ್ಲ, ಅಷ್ಟು ಬಿಸಿ ಅಂತ ಅಲ್ಲಿಯವರೇ ಹೇಳಿದಾರೆ ಅಂತ. ಅದೇನು ಮಾತೋ ನನಗಂತೂ ಅರ್ಥ ಆಗ್ಲಿಲ್ಲ."

ಬಾಗಿಲಕ್ಕನಿಗೆ ಅರ್ಥವಾಯಿತು. ಕೈಯಲ್ಲಿದ್ದ ಲೋಟ ಎಲ್ಲಿಟ್ಟೆನೆಂದು ಆಮೇಲೆ ಹುಡುಕಬೇಕಾಯಿತು ಎನ್ನುತ್ತಾರೆ.

ಅವನು ಯಾರೆಂದು ತಿಳಿಯಲು ಕಷ್ಟವಾಗಲಿಲ್ಲ. ಹೆಂಡತಿಯನ್ನು ಕರೆತಂದು ಬಿಟ್ಟು, ಎಂದೂ ಒಳಗೆ ಬಾರದೆ ಕೆಳಗೆ ವ್ಯಾನಿನಲ್ಲೇ ಕೂರುತ್ತಿದ್ದ. ಬೇಕರಿಗೆ ಬ್ರೆಡ್ಡು ಸಾಗಿಸುವ ವ್ಯಾನು. ಕಾರಿಡಾರಿನ ಕಿಟಕಿಯಿಂದ ಬಗ್ಗಿ ನೋಡಿದಾಗ ಮುಖ ಗುರುತು ಹತ್ತಿತು. ಬೆಂಚಿನ ತುದಿಯಲ್ಲಿ ಕೂತು ಸೂಜಿಗೆ ಹೆದರಿದ್ದವರಲ್ಲಿ ಅವನೂ ಒಬ್ಬ. ಲ್ಯಾಬಿನವರು ಅವನ ಬಗ್ಗೆ ಏನು ಹೇಳಿದ್ದರು ಎಂಬುದೂ ನೆನಪಾಯಿತು, ಅಂಥ ಮಾತು ವರ್ಷಕ್ಕೆ ಒಂದೋ ಎರಡೋ ಸಲ ಕೇಳುವುದು. ಖಾಲಿ.

ಬಾಗಿಲಕ್ಕ ಡಾಕ್ಟರಮ್ಮನ ಬಳಿ ಹೋದರು. ಡಾಕ್ಟರಮ್ಮ ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಎಲ್ಲ ಕೇಳಿಸಿಕೊಂಡರು. "ದಾನಿಯಾಗಿ ಬಂದವನ ವಿಷಯ ಹೆಂಡ್ತಿಗೂ ಹೇಳೋ ಹಾಗಿಲ್ಲ. ಒಬ್ಬನ ಗುಟ್ಟು ಇಲ್ಲಿಂದ ಹೊರಗೆ ಹೋದ್ರೆ ನಾಳೆ ಈ ಮೆಟ್ಟಿಲು ಯಾರು ಹತ್ತುತ್ತಾರೆ? ಪರೀಕ್ಷೆ ಮಾಡಿಸಿ ಅಂತ ನಾನೂ ಬಾಯಿ ನೋವು ಬರೋ ಹಾಗೆ ಹೇಳಿದೀನಿ. ಕೈ ಹಿಡಿದು ಎಳ್ಕೊಂಡು ಬರೋಕಾಗತ್ತಾ?"

"ಅವನಿಗಾದ್ರೂ ಹೇಳಬಹುದಲ್ಲಮ್ಮ?"

ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡು, "ನನ್ನ ಕೇಳಿದ್ರೆ ಬೇಡ ಅಂತೀನಿ" ಎಂದರು.

ಬಾಗಿಲಕ್ಕ ಆಮೇಲೆ ಕೇಳಲಿಲ್ಲ. ಮುಂದಿನ ವಾರ ಆ ಹೆಣ್ಣುಮಗಳು ಮೇಲೆ ಬಂದು ಕೂತ ಕೂಡಲೇ, ಟೀ ಕೈಗಿಟ್ಟು, ಈಗ ಬಂದೆ ಎಂದು ಹೇಳಿ ಕೆಳಗಿಳಿದರು. ವ್ಯಾನಿನ ಕಿಟಕಿ ತಟ್ಟಿದರು. ಅವನು ನೋಡಿ ಬೆಚ್ಚಿದ. ಹೆಂಡತಿ ಇದ್ದಾಳೇನೋ ಎಂದು ಹಿಂದೆ ಮುಂದೆ ಕಣ್ಣಾಡಿಸಿದ.

"ಅಕ್ಕ, ನೀವ್ ಇಲ್ಲಿ ನನ್ನ ಮಾತಾಡಿಸಬಾರದು."

"ಗೊತ್ತಪ್ಪ. ಒಂದೇ ಮಾತು. ಇನ್ನೊಂದ್ಸಲ ಪರೀಕ್ಷೆ ಮಾಡಿಸು."

"ಯಾಕೆ? ನೀವೇ ಹೇಳಿದ್ದಲ್ವಾ, ತಂಪಿಗೆ ಒಗ್ಗಲ್ಲ ಅಷ್ಟೇ ಅಂತ?"

"ಅದು ಎಲ್ಲಾರಿಗೂ ಹೇಳೋ ಮಾತು."

"ಅಂದ್ರೆ?"

ಬಾಗಿಲಕ್ಕ ವ್ಯಾನಿನ ಕಿಟಕಿಯಂಚು ಹಿಡಿದು ಅವನನ್ನೇ ನೋಡಿದರು. ಅವನಿಗೆ ಅಷ್ಟೇ ಸಾಕಾಯಿತು. ಸ್ಟಿಯರಿಂಗಿನ ಮೇಲಿದ್ದ ಎರಡು ಕೈಯನ್ನೂ ಯಾರದೋ ಕೈ ಎಂಬಂತೆ ನೋಡುತ್ತಾ ಕೂತ. "ಮಗುವಿಗೆ ಬೇರೆ ದಾರಿ ಇದೆಯಪ್ಪ, ಇದೇ ಕಟ್ಟಡದಲ್ಲೇ ಇದೆ. ಅವಳನ್ನ ಮಾತ್ರ ಸುಡಬೇಡ" ಎಂದು ಬಾಗಿಲಕ್ಕ ಹೇಳುತ್ತಿರುವಾಗಲೇ ವ್ಯಾನು ಶುರುವಾಯಿತು. ಹೆಂಡತಿಯನ್ನೂ ತಾಯಿಯನ್ನೂ ಬಿಟ್ಟು ಹೊರಟೇಹೋದ. ಮೇಲೆ ಬೆಂಚಿನಲ್ಲಿದ್ದವಳಿಗೆ ಏನೂ ಗೊತ್ತಿಲ್ಲ. "ಆರ್ಡರ್ ಬಂದಿರಬೇಕು" ಎಂದುಕೊಂಡು ಅತ್ತೆಯ ಕೈ ಹಿಡಿದು ಬಸ್ಸಿಗೆ ನಡೆದಳು.

ಅವಳು ಮತ್ತೆ ಬಂದದ್ದು ಬಹಳ ದಿನದ ಮೇಲೆ, ಒಬ್ಬಳೇ. ಕೆಳಗಿದ್ದ ತನ್ನ ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ವಾಪಸ್ ತೆಗೆದುಕೊಂಡು, ಹೋಗಿಬರುತ್ತೇನೆಂದು ಹೇಳಲು ಮೇಲೆ ಹತ್ತಿದ್ದಳು. ಈಗ ಅಕ್ಕನ ಮನೆಯಲ್ಲಿದ್ದಾಳಂತೆ. ಗಂಡನೇ ತಂದು ಬಿಟ್ಟು ಹೋದನಂತೆ.

"ಡಾಕ್ಟ್ರು ಅವರೊಬ್ಬರನ್ನೇ ಕರೆದು ಹೇಳಿದ್ರಂತೆ ಅಕ್ಕ. ನಿಮ್ಮ ಹೆಂಡ್ತಿಗೆ ಈ ಜನ್ಮದಲ್ಲಿ ಆಗಲ್ಲ, ಸುಮ್ನೆ ಸುತ್ತಬೇಡಿ ಅಂತ. ಅವತ್ತು ಅದಕ್ಕೇ ಅಷ್ಟು ಬೇಗ ಹೊರಟುಹೋಗಿದ್ದು. ಪಾಪ, ನನಗೆ ಹೇಳೋಕಾಗ್ದೆ ಒಳಗೊಳಗೇ ಎಷ್ಟು ನೊಂದ್ರೋ."

ಆ ಪಾಪ ಎಂಬ ಮಾತು ಇವತ್ತಿಗೂ ಕಿವಿಯಲ್ಲಿದೆ ಎನ್ನುತ್ತಾರೆ ಬಾಗಿಲಕ್ಕ. ಅವಳ ಎರಡೂ ಕೈ ಹಿಡಿದುಕೊಂಡರು.

"ಸುಳ್ಳು ಕಣಮ್ಮ. ನಿನ್ನಲ್ಲಿ ಏನೂ ಕೊರತೆ ಇಲ್ಲ. ತಪ್ಪು ನಿನ್ನದಲ್ಲ. ನನಗೆ ಗೊತ್ತು."

ಅವಳು ನಕ್ಕಳು. ಅಳುವವರನ್ನು ಸಮಾಧಾನ ಮಾಡುವಾಗ ನಗುತ್ತೇವಲ್ಲ, ಹಾಗೆ. "ಎಲ್ಲಾರೂ ಹೀಗೇ ಸಮಾಧಾನ ಹೇಳ್ತಾರೆ ಅಕ್ಕ. ನೀವಂತೂ ಮೊದಲಿಂದಲೂ ಒಳ್ಳೇ ಮಾತೇ ಆಡಿದೀರ."

ತಮಗೆ ಅದು ಹೇಗೆ ಗೊತ್ತು ಎಂದು ಹೇಳಿಬಿಡಲು ಬಾಗಿಲಕ್ಕ ಬಾಯಿ ತೆರೆದರು. ಅಷ್ಟರಲ್ಲಿ ಕೋಣೆಯ ಚಿಲಕ ಸರಿದು ಒಬ್ಬ ದಾನಿ ಹೊರಗೆ ಬಂದ. ತಲೆ ತಗ್ಗಿಸಿಕೊಂಡು ಕಪ್ಪು ಚಾಚಿದ. ಅದು ಆರಲು ಬಿಡಬಾರದು. ಬಾಗಿಲಕ್ಕ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಲ್ಯಾಬಿಗೆ ಓಡಿದರು. ತಿರುಗಿ ಬರುವಷ್ಟರಲ್ಲಿ ಬೆಂಚು ಖಾಲಿಯಿತ್ತು. ಮೆಟ್ಟಿಲಿಳಿದು ರಸ್ತೆಯವರೆಗೂ ಹೋಗಿ ನೋಡಿದರು. ಕೆಳಗಿನ ಮಹಡಿಯವರ ಬಳಿ ಇದ್ದ ಫೋನ್ ನಂಬರಿಗೆ ಆಮೇಲೆ ಎಷ್ಟು ಸಲ ಮಾಡಿದರೂ ಎತ್ತುವವನು ಅವಳ ಗಂಡನೇ. ಇವರ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾನೆ. ಅಕ್ಕನ ಮನೆ ಎಲ್ಲಿ, ಯಾರಿಗೂ ಗೊತ್ತಿಲ್ಲ.

"ಹೇಳದೆ ಆರು ವರ್ಷ ಸುಟ್ಟೆ. ಹೇಳಿ ಮನೆಯಿಂದಲೇ ಹೊರಗೆ ಹಾಕಿಸಿದೆ. ನಿಜ ಗೊತ್ತಾದ್ರೆ ಗಂಡಸು ತಗ್ಗಿ ನಡೀತಾನೆ ಅಂದ್ಕೊಂಡಿದ್ದೆ. ಅದನ್ನ ತೆಗೆದು ಅವಳ ತಲೆಗೇ ಕಟ್ತಾನೆ ಅಂತ ನನಗೆಲ್ಲಿ ಹೊಳೀಬೇಕು?"

ಮಾತು ನಿಲ್ಲಿಸಿ ಬಾಗಿಲಕ್ಕ ಎದ್ದು ಹೋಗುತ್ತಾರೆ. ಬಣ್ಣದವನು ಮುಗಿಸಿದ್ದಾನೆ. ಕಪ್ಪು ಲ್ಯಾಬಿಗೆ ಹೋಗುತ್ತದೆ. ಕೋಣೆಯ ಕಾಗದದ ಹಾಸು ಕಸದ ಬುಟ್ಟಿಗೆ, ಹೊಸ ಹಾಸು ಕುರ್ಚಿಗೆ. ನಾಲ್ಕು ಮೂಲೆ ಎಳೆದು ಸುಕ್ಕು ಬಿಡಿಸುತ್ತಾರೆ. ಹೊರಗೆ, ಹಿಂದಿನ ಸಲ ಬಂದುಹೋದ ಒಬ್ಬ ಜವಾಬಿಗಾಗಿ ಕಾದಿದ್ದಾನೆ. ಬಸ್ ಕಂಡಕ್ಟರ್, ಡ್ಯೂಟಿಗೆ ಹೊತ್ತಾಗುತ್ತಿದೆ.

ಈಗ ಬಾಗಿಲಕ್ಕ ಹೇಳುವ ಮಾತು ಸ್ವಲ್ಪ ಉದ್ದವಾಗಿದೆ. "ನಿಮ್ಮದು ನಮ್ಮ ತಂಪಿಗೆ ಒಗ್ಗಲಿಲ್ಲ. ಆದ್ರೆ ಕೇಳಿ, ನಿಮ್ಮದು ಸರಿ ಇದೆ ಅಂತ ನಾವು ಹೇಳ್ಲಿಲ್ಲ. ಇಲ್ಲ ಅಂತಾನೂ ಹೇಳ್ಲಿಲ್ಲ. ಬೇರೆ ಕಡೆ ಹೋಗಿ ತೋರಿಸ್ಕೊಳಿ. ನಾಳೆ ಮನೇಲಿ ಮಾತು ಬಂದ್ರೆ ನಮ್ಮ ಹೆಸರು ಹೇಳಿ ಹೆಂಡ್ತಿ ಬಾಯಿ ಮುಚ್ಚಿಸಬೇಡಿ."

ದಾಟದ ಎಲ್ಲರಿಗೂ ಇದನ್ನೇ ಹೇಳುತ್ತಾರೆ. ಕರಗುವಾಗ ಹೋದವರಿಗೂ, ಖಾಲಿಯವರಿಗೂ. ಹಾಗಾಗಿ ಯಾರ ಗುಟ್ಟೂ ಹೊರಗೆ ಹೋಗುವುದಿಲ್ಲ. ಆದರೂ ಡಾಕ್ಟರಮ್ಮನಿಗೆ ಇದು ಹಿಡಿಸಿಲ್ಲ. ಬರುವವರು ಕಡಿಮೆಯಾಗಿದ್ದಾರೆ, ಮುಂದಿನ ತಿಂಗಳಿಂದ ಬಾಗಿಲಕ್ಕನನ್ನು ಮತ್ತೆ ನೆಲ ಒರೆಸಲು ಕೆಳಗೆ ಹಾಕುವ ಮಾತು ನಡೆದಿದೆ.

ಕಂಡಕ್ಟರ್ ಅರ್ಧ ಕೇಳಿ, "ಆಯ್ತಕ್ಕ, ತಂಪು ಆಗಲ್ಲ ಅಂದ್ರೆ ನಮ್ಮದು ಹೀಟ್ ಜಾಸ್ತಿ ಅಂತ ತಾನೆ?" ಎಂದು ನಗುತ್ತಾ, ಉತ್ತರಕ್ಕೆ ಕಾಯದೆ ಮೆಟ್ಟಿಲು ಇಳಿಯುತ್ತಾನೆ. ಬಾಗಿಲಕ್ಕ ಕಂಬಿ ಹಿಡಿದು ಬಗ್ಗಿ, "ಅಲ್ಲಪ್ಪ, ಹಾಗಲ್ಲ, ನಿಲ್ಲು" ಎಂದು ಕೂಗುತ್ತಾರೆ. ಕೆಳಗಿನಿಂದ ಬಾಗಿಲು ಬಡಿದ ಸದ್ದು ಬರುತ್ತದೆ.

"ಹತ್ತರಲ್ಲಿ ಒಬ್ಬ ಪೂರ್ತಿ ಕೇಳಿಸ್ಕೊಂಡು ಹೋದ್ರೆ ಹೆಚ್ಚು" ಎನ್ನುತ್ತಾ ಬಂದು ಕೂರುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದಾರೆ. ಹುಡುಗನನ್ನೂ ಪರೀಕ್ಷೆ ಮಾಡಿಸಿ ಎಂದು ಅವನ ಕಡೆಯವರನ್ನು ಯಾವ ಬಾಯಲ್ಲಿ ಕೇಳಬೇಕು ಎಂದು ಗಂಡ ಹೆಂಡತಿ ಇಬ್ಬರೂ ದಿನಾ ರಾತ್ರಿ ಮಾತಾಡಿಕೊಳ್ಳುತ್ತಾರಂತೆ. ಕೇಳಿದರೆ ಈ ಸಂಬಂಧ ನಿಲ್ಲುವುದಿಲ್ಲ, ಕೇಳದಿದ್ದರೆ ಇವರಿಗೆ ನಿದ್ದೆಯಿಲ್ಲ.

ಈ ಕುರ್ಚಿ ಹೋಗುವ ಮೊದಲು ಏನಾದರೂ ಆಸೆಯಿದೆಯೇ ಎಂದರೆ ಬಾಗಿಲಕ್ಕ ಆ ಹೆಣ್ಣುಮಗಳು ಟೀ ಕುಡಿಯುತ್ತಿದ್ದ ಬೆಂಚಿನ ಕಡೆ ತಿರುಗುತ್ತಾರೆ. ಮಗಳ ಮದುವೆ ಎನ್ನುವುದಿಲ್ಲ, ಸಂಬಳ ಎನ್ನುವುದಿಲ್ಲ.

"ಅವಳು ಒಂದ್ಸಲ ಇಲ್ಲಿಗೆ ಬರಬೇಕು. ಹೇಗೋ ಯಾರಿಂದಲೋ ಎಲ್ಲಾ ಗೊತ್ತಾಗಿ ಬರಬೇಕು. ಬಂದು, ಗೊತ್ತಿದ್ದೂ ನನಗೆ ಟೀ ಕೊಟ್ಕೊಂಡು ಕೂತಿದ್ಯಲ್ಲ ಅಂತ ಬಾಯಿಗೆ ಬಂದ ಹಾಗೆ ಬೈಬೇಕು. ಎಲ್ಲಾರೂ ಕೇಳೋ ಹಾಗೆ ಬೈಲಿ. ನಾನು ಒಂದು ಮಾತೂ ಎದುರಾಡಲ್ಲ. ಬೈದ್ರೆ, ನಂಬಿದಾಳೆ ಅಂತ ಅರ್ಥ."